ಪರ ಊರಿನ ಊಟಕ್ಕೆ ನಾಲಿಗೆ ಒಗ್ಗಿಸುವುದು ಹೇಗೆ

ಮದುವೆಯಾಗಿ ಪುತ್ತೂರಿಗೆ ಬಂದ ಮೂರನೆಯ ದಿನ. ಅತ್ತೆ ಒಲೆಯ ಮುಂದೆ ನಿಂತಿದ್ದರು. ಏನಾದರೂ ಒಳ್ಳೆ ಮಾತಾಡಬೇಕಲ್ಲ ಅಂತ "ಸಾರು ಭಾರಿ ವಾಸನಿ ಬರಾಕತ್ತೈತ್ರಿ" ಅಂದೆ. ಅವರು ಗ್ಯಾಸ್ ಆರಿಸಿ, ಪಾತ್ರೆ ಇಳಿಸಿ, ಸೌಟಿನಲ್ಲಿ ಸ್ವಲ್ಪ ತೆಗೆದು ಮೂಸಿ, "ಎಂತ, ಕಾಯಿ ಹಾಳಾಗಿದಾ?" ಅಂತ ಗಾಬರಿಯಲ್ಲಿ ನನ್ನ ಮುಖ ನೋಡಿದರು. ನಮ್ಮ ಬಾದಾಮಿ ಕಡೆ ವಾಸನೆ ಒಳ್ಳೆಯದೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ. ಇಲ್ಲಿ ಒಳ್ಳೆಯದಕ್ಕೆ ಪರಿಮಳ ಅನ್ನಬೇಕು. ವಾಸನೆ ಅಂದರೆ ಏನೋ ಕೊಳೆತಿದೆ ಅಂತಲೇ ಲೆಕ್ಕ.

ಮಜಾ ಏನೆಂದರೆ, ನಾನು ಹೊಗಳಿದ್ದೇ ಸುಳ್ಳು. ಆ ಸಾರಿನ ವಾಸನೆ ನನಗೆ ಹಿಡಿಸಿರಲಿಲ್ಲ. ಅವರು ತಪ್ಪು ತಿಳಿದದ್ದೇ ನನ್ನ ಮನಸ್ಸಿನಲ್ಲಿದ್ದ ಮಾತು.

ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿಗೆ ನಾವು ಹಿಂಡಿ ಅನ್ನುವುದು), ಪುಂಡಿ ಪಲ್ಯ ತಿಂದು ಬೆಳೆದವಳು ನಾನು. ಇಲ್ಲಿ ನೋಡಿದರೆ ತೆಂಗಿನೆಣ್ಣೆ ಒಗ್ಗರಣೆ, ಸಾಂಬಾರಿಗೆ ಬೆಲ್ಲ, ಬೆರಳುಗಾತ್ರ ಉಬ್ಬಿದ ಕೆಂಪು ಕುಚ್ಚಲಕ್ಕಿ ಅನ್ನ. ಮೊದಲ ಎರಡು ತಿಂಗಳಲ್ಲಿ ನಾಲ್ಕು ಕಿಲೋ ಇಳಿದೆ. ಈಗ ಹದಿನೆಂಟು ವರ್ಷವಾಯಿತು. ತವರಿಗೆ ಹೋದರೆ ಎಂಟನೆಯ ದಿನಕ್ಕೆ ಕುಚ್ಚಲಕ್ಕಿ ಗಂಜಿ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ಈ ನಡುವೆ ನಾನು ಏನು ಮಾಡಿದೆ, ಯಾವುದು ಫಲಿಸಿತು, ಯಾವುದು ಕೈಕೊಟ್ಟಿತು ಎಂಬುದನ್ನು ಬರೆದಿಡುತ್ತಿದ್ದೇನೆ. ಮದುವೆಯಾಗಿ ದೂರ ಹೋಗುವವರಿಗೆ, ವರ್ಗಾವಣೆಯಾದವರಿಗೆ, ಹಾಸ್ಟೆಲ್ ಊಟದ ಮುಂದೆ ಕೂತು ಅಮ್ಮನಿಗೆ ಫೋನ್ ಮಾಡುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಮೂಗು ಹಿಡಿಯಿರಿ

ಅರ್ಧ ಚಮಚ ಜೀರಿಗೆ ತೆಗೆದುಕೊಳ್ಳಿ. ಮೂಗು ಬಿಗಿಯಾಗಿ ಹಿಡಿದುಕೊಂಡು ಅಗಿಯಿರಿ. ಮರದ ಹೊಟ್ಟು ಅಗಿದ ಹಾಗೆ, ತುಸು ಕಹಿ, ಅಷ್ಟೇ. ಈಗ ಮೂಗು ಬಿಡಿ. ಜೀರಿಗೆ ಅನ್ನುವುದು ಆಗ ಬರುತ್ತದೆ, ಒಂದೇ ಸಲಕ್ಕೆ, ಗಂಟಲ ಹಿಂದಿನಿಂದ. ನಾವು ರುಚಿ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ಬಾಯಿಯ ಹಿಂಬಾಗಿಲಿನಿಂದ ಮೂಗಿಗೆ ಏರುವ ಗಾಳಿಯದು. ನಾಲಿಗೆಗೆ ತಿಳಿಯುವುದು ಕೆಲವೇ: ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ 1908ರಲ್ಲಿ ಟೋಕಿಯೋದ ಕಿಕುನೆ ಇಕೆಡಾ ಕಡಲಪಾಚಿಯ ಸಾರಿನಿಂದ ಗುರುತಿಸಿದ ಉಮಾಮಿ. ಖಾರ ಒಂದು ಉರಿ. ಒಗರು ಒಂದು ಹಿಡಿತ, ಟ್ಯಾನಿನ್ ಹೋಗಿ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿ ಒಣಗಿ ಜಗ್ಗುವುದು. ನಮ್ಮ ಷಡ್ರಸದಲ್ಲಿ ಖಾರಕ್ಕೂ ಒಗರಿಗೂ ಮಣೆ ಹಾಕಿದ್ದಾರೆ, ಉಮಾಮಿಗೆ ಹಾಕಿಲ್ಲ. ಯಾವುದನ್ನು ರುಚಿ ಎಂದು ಎಣಿಸಬೇಕು ಎಂಬುದರಿಂದಲೇ ಊರೂರಿಗೆ ವ್ಯತ್ಯಾಸ ಶುರು.

(ಶಾಲೆಯಲ್ಲಿ ನಾಲಿಗೆಯ ಚಿತ್ರ ಬರೆದು ತುದಿಗೆ ಸಿಹಿ, ಹಿಂದೆ ಕಹಿ ಅಂತ ಗುರುತು ಹಾಕಿಸಿದ್ದರಲ್ಲ, ಅದನ್ನು ಮರೆತುಬಿಡಿ. 1901ರಲ್ಲಿ ಜರ್ಮನಿಯ ಡೇವಿಡ್ ಹೇನಿಗ್ ಕಂಡ ಸಣ್ಣ ಸಣ್ಣ ವ್ಯತ್ಯಾಸವನ್ನು 1942ರಲ್ಲಿ ಅಮೆರಿಕದ ಎಡ್ವಿನ್ ಬೋರಿಂಗ್ ಬರೆದ ಪುಸ್ತಕ ಹಿಗ್ಗಿಸಿ ತೋರಿಸಿತು. ನಾಲಿಗೆಯ ಎಲ್ಲ ಕಡೆಗೂ ಎಲ್ಲವೂ ತಿಳಿಯುತ್ತದೆ. ನಾನು ಆ ಚಿತ್ರಕ್ಕೆ ಐದಕ್ಕೆ ಐದು ಅಂಕ ತೆಗೆದುಕೊಂಡಿದ್ದೆ.)

ಈಗ ಅದೇ ಪರೀಕ್ಷೆಯನ್ನು ನಿಮಗೆ ಇಳಿಯದ ತಿಂಡಿಯ ಮೇಲೆ ಮಾಡಿ. ನಾನು ಕುಚ್ಚಲಕ್ಕಿ ಅನ್ನವನ್ನು ಮೂಗು ಹಿಡಿದು ತಿಂದೆ. ಅನ್ನ ಅನ್ನದ ಹಾಗೇ ಇತ್ತು. ಅಂದರೆ ನನ್ನ ಜಗಳ ನಾಲಿಗೆಯದಲ್ಲ, ಮೂಗಿನದು. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ ಬೇಯಿಸಿ ಒಣಗಿಸುವುದರಿಂದ ಅದಕ್ಕೊಂದು ಮಳೆಗೆ ನೆನೆದ ಗೋಣಿಚೀಲದ ಕಂಪು ಬರುತ್ತದೆ. ನನಗೆ ಗೋಣಿಚೀಲ ಅಂದರೆ ನಮ್ಮ ಹಗೆಯಲ್ಲಿ (ಕಾಳು ಕೂಡಿಡುವ ನೆಲದ ಗುಂಡಿ) ನೀರಿಳಿದು ಮುಗ್ಗಿದ ಜೋಳ, ಅಪ್ಪನ ಬೈಗುಳ. ಅತ್ತೆಗೆ ಅದೇ ಕಂಪು ಅಂದರೆ ಜ್ವರ ಬಿಟ್ಟ ಮೇಲಿನ ಮೊದಲ ಗಂಜಿ. ಗಾಳಿ ಒಂದೇ, ಕತೆ ಬೇರೆ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ತಲೆಗೆ ಹಚ್ಚುವ ಎಣ್ಣೆ ಬದಲಿಸಿ

ಇದು ನಾನೇ ಕಂಡುಹಿಡಿದ ಉಪಾಯ, ಸ್ವಲ್ಪ ಜಂಬ ಇದೆ.

ನಮ್ಮ ಮನೆಯಲ್ಲಿ ಅಡುಗೆಗೆ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ತೆಂಗಿನೆಣ್ಣೆ ಅಂದರೆ ನೀಲಿ ಬಾಟಲಿ, ಭಾನುವಾರ, ಅವ್ವನ ಮೊಣಕಾಲ ನಡುವೆ ಕೂತು ಹೆಣಿಸಿಕೊಂಡ ಜಡೆ. ಹಾಗಿದ್ದವಳಿಗೆ ಇಲ್ಲಿ ಅದೇ ಎಣ್ಣೆಯಲ್ಲಿ ಸಾಸಿವೆ ಸಿಡಿದಾಗ ಕೂದಲು ತಿಂದ ಹಾಗೆ ಆಗುತ್ತಿತ್ತು. ಎಷ್ಟು ಹೇಳಿಕೊಂಡರೂ ಮನಸ್ಸು ಕೇಳಲಿಲ್ಲ. ಕೊನೆಗೆ ಉಲ್ಟಾ ಮಾಡಿದೆ: ಊಟ ಬಿಡುವ ಬದಲು ತಲೆಗೆ ತೆಂಗಿನೆಣ್ಣೆ ಹಚ್ಚುವುದನ್ನು ಬಿಟ್ಟೆ. ಆರು ತಿಂಗಳು ಬಾದಾಮಿ ಎಣ್ಣೆ. ದಿನಕ್ಕೆ ಎರಡು ಹೊತ್ತು ಒಗ್ಗರಣೆಯಲ್ಲಿ, ಬೇರೆಲ್ಲೂ ಇಲ್ಲ. ಮೂಗು ನಿಧಾನಕ್ಕೆ ಲೆಕ್ಕ ತಿದ್ದಿಕೊಂಡಿತು. ಒಂದು ದಿನ ಬಾಳೆಕಾಯಿ ಹುರಿಯುವಾಗ ಹಸಿವಾಯಿತು, ಜಡೆ ನೆನಪಾಗಲಿಲ್ಲ.

ಒಂದು ಎಚ್ಚರ. ಹೊಸ ಎಣ್ಣೆಯನ್ನು ನಿಮ್ಮ ಹಳೆ ಪ್ರೀತಿಯ ಅಡುಗೆಗೆ ಹಾಕಬೇಡಿ. ತೆಂಗಿನೆಣ್ಣೆಯಲ್ಲಿ ಎಣ್ಣೆಗಾಯಿ ಮಾಡಿ ಎರಡನ್ನೂ ಕೆಡಿಸಿದ್ದೇನೆ. ಅದನ್ನು ಮೊದಲು ತಿಂದೇ ಇರದ ಪದಾರ್ಥದಲ್ಲಿ ಭೇಟಿಯಾಗಿ.

ಇದೇ ಗಂಟು ನನ್ನ ಅಕ್ಕನ ಮಗನಿಗೆ ಅಮೆರಿಕದಲ್ಲಿ ಬಿದ್ದಿತು. ಅಲ್ಲಿಯ ಮಕ್ಕಳು ಚಪ್ಪರಿಸಿ ಕುಡಿಯುವ ರೂಟ್ ಬಿಯರ್ ಎಂಬ ಸಿಹಿ ತಂಪು ಪಾನೀಯವನ್ನು ಒಂದು ಗುಟುಕು ಕುಡಿದು "ಇದು ಅಯೋಡೆಕ್ಸ್" ಅಂದನಂತೆ. ತಪ್ಪೇನಿಲ್ಲ. ಅದರಲ್ಲೂ ಇದರಲ್ಲೂ ವಿಂಟರ್‌ಗ್ರೀನ್ ಕಂಪು, ನಮ್ಮವರು ಗಂಧಪುರ ತೈಲ ಅನ್ನುವುದು. ಆ ಕಂಪು ಅಮೆರಿಕದವರಿಗೆ ಮಿಠಾಯಿ, ಬ್ರಿಟನ್ನಿನ ಹಳೆ ತಲೆಮಾರಿನವರಿಗೆ ನೋವಿನ ಮುಲಾಮು, ನಮಗೆ ಅಜ್ಜನ ಮೊಣಕಾಲು. ಏಲಕ್ಕಿಯೂ ಹಾಗೇ. ನಮಗೆ ಅದು ಪಾಯಸದ ಕೂಸು, ಮೂಸಿದರೇ ಸಿಹಿ ಅನ್ನಿಸುತ್ತದೆ. ನನ್ನ ಮೈದುನ ಗಲ್ಫಿನಲ್ಲಿದ್ದಾನೆ. ಅಲ್ಲಿಯ ಗಾವಾ ಕಾಫಿಗೆ ಏಲಕ್ಕಿ ಧಾರಾಳ, ಸಕ್ಕರೆ ಇಲ್ಲ. ಮೊದಲ ಸಲ ಯಾರೋ ಮೋಸ ಮಾಡಿದ ಹಾಗಾಯಿತಂತೆ. ಈಗ ಖರ್ಜೂರ ಒಂದು ಕಡಿದು, ಗಾವಾ ಒಂದು ಗುಟುಕು ಹೀರುತ್ತಾನೆ.

ಹಳೆ ಹೆಸರಿನಿಂದ ಕರೆಯಬೇಡಿ

ಇಲ್ಲಿಯ ಸಾಂಬಾರನ್ನು ನಾನು ಮನಸ್ಸಿನಲ್ಲಿ ನಮ್ಮ ಕಡೆಯ ಬೇಳೆ ಸಾರಿನ ಹೆಸರಿನಿಂದ "ಬ್ಯಾಳಿ" ಅಂತ ಕರೆಯುತ್ತಿದ್ದೆ. ಪ್ರತಿ ತುತ್ತಿಗೂ ಬ್ಯಾಳಿಯಲ್ಲಿ ಇರಬೇಕಾದದ್ದು ಏನೇನು ಇಲ್ಲ ಎಂದು ಎಣಿಸುವುದೇ ಕೆಲಸ. ಬೆಳ್ಳುಳ್ಳಿ ಇಲ್ಲ, ಖಾರ ಇಲ್ಲ, ಬೆಲ್ಲ ಯಾಕೆ ಬಂತು. ತಟ್ಟೆಯಲ್ಲಿ ಇರುವುದನ್ನು ಬಿಟ್ಟು ಇಲ್ಲದ್ದನ್ನು ತಿಂದರೆ ಹೊಟ್ಟೆ ತುಂಬೀತೇ?

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಹೊಗೆಯಾಡಿಸಿದ ಸಾಲ್ಮನ್ ಮೀನಿನ ಐಸ್‌ಕ್ರೀಂ ಮಾಡಿದರು. ಕೆಲವರಿಗೆ "ಐಸ್‌ಕ್ರೀಂ" ಅಂತಲೇ ಹೇಳಿ ಕೊಟ್ಟರು, ಉಳಿದವರಿಗೆ "ತಣ್ಣನೆಯ ಖಾರದ ಪದಾರ್ಥ" ಅನ್ನುವಂಥ ಹೆಸರು ಹೇಳಿ ಕೊಟ್ಟರು. ಐಸ್‌ಕ್ರೀಂ ಎಂದು ತಿಂದವರಿಗೆ ಅದು ಅಸಹ್ಯವೂ ಆಯಿತು, ಹೆಚ್ಚು ಉಪ್ಪೂ ಅನ್ನಿಸಿತು. ಬಟ್ಟಲಲ್ಲಿದ್ದದ್ದು ಒಂದೇ. ಇದನ್ನು ಓದಿದಾಗ ನನ್ನ ಬ್ಯಾಳಿ ನೆನಪಾಗಿ ನಗು ಬಂತು.

ಆದ್ದರಿಂದ ಹೊಸ ಊರಿನ ಹೆಸರುಗಳನ್ನು ಮೊದಲು ಕಲಿಯಿರಿ. ತಂಬುಳಿ ಅಂದರೆ ತಂಬುಳಿ, ಅದನ್ನು "ನೀರಾದ ಮೊಸರು ಬಜ್ಜಿ" ಅನ್ನಬೇಡಿ. ಕೊದಿಲು, ಮೇಲಾರ, ಮೆಣಸ್ಕಾಯಿ, ಸಾಸಿವೆ (ಕಾಳಲ್ಲ, ಅದೇ ಹೆಸರಿನ ಪದಾರ್ಥ) ಅಂತ ಬಾಯಿತುಂಬ ಕರೆಯಿರಿ. ರುಚಿಯ ಮಾತುಗಳನ್ನೂ ಹಾಗೇ. ನಾವು ಸಪ್ಪೆ ಅನ್ನುವುದು ಇಲ್ಲಿ ಚಪ್ಪೆ, ಒಗರು ಅನ್ನುವುದಕ್ಕೆ ಚೊಗರು. ಗೇರುಹಣ್ಣು ಚೀಪಿ ಗಂಟಲು ಹಿಡಿದಾಗ "ಚೊಗರು ಉಂಟು" ಅಂದೆ. ಪಕ್ಕದ ಮನೆಯವರು "ಹಾಂ, ಉಪ್ಪು ಮುಟ್ಟಿಸಿ ತಿನ್ನಿ" ಅಂತ ಚಿಟಿಕೆ ಉಪ್ಪು ತಂದರು. ಹೆಸರು ಗೊತ್ತಿಲ್ಲದಿದ್ದರೆ ಆ ಉಪ್ಪು ಬರುತ್ತಿರಲಿಲ್ಲ.

ಅಡಕೆ ಗಾತ್ರ, ಹತ್ತು ಸಲ

ಇನ್ನು ಉಪ್ಪು ಸೊಳೆಯ ವಿಚಾರ. ಇದನ್ನು ನಿಧಾನವಾಗಿ ಹೇಳಬೇಕು.

ಬೇಸಿಗೆಯಲ್ಲಿ ಬಲಿತ ಹಲಸಿನಕಾಯಿ ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಉಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬಿ ಮೇಲೆ ಭಾರ ಇಡುತ್ತಾರೆ. ಅದು ತನ್ನದೇ ನೀರು ಬಿಟ್ಟುಕೊಂಡು ಹುಳಿಯುತ್ತ ಕೂತಿರುತ್ತದೆ. ಆಟಿ ತಿಂಗಳ ಮಳೆಗೆ ತೋಟದಲ್ಲಿ ತರಕಾರಿ ಕೊಳೆತಾಗ ಭರಣಿ ತೆರೆಯುತ್ತಾರೆ. ಮುಚ್ಚಳ ತೆಗೆದ ಆ ಕ್ಷಣ! ಮೊದಲ ವರ್ಷ ನಾನು ಹಿತ್ತಲಿಗೆ ಓಡಿದೆ. ಹುಳಿತ, ತೇವ, ಒದ್ದೆ ಸಾಕ್ಸ್, ಎಲ್ಲವೂ ಒಟ್ಟಿಗೆ. ಅತ್ತೆ ಅದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ನೀರು ಬದಲಿಸಿ, ಉಪ್ಪು ಇಳಿಸಿ ಪಲ್ಯ ಮಾಡುತ್ತಿದ್ದರು, ಅಕ್ಕಿ-ಕಾಯಿ ಜೊತೆ ರುಬ್ಬಿ ಬಾಳೆಲೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಮನೆಮಂದಿಗೆ ಅದು ಹಬ್ಬ.

ಮಕ್ಕಳ ಊಟದ ಬಗ್ಗೆ ಅಭ್ಯಾಸ ಮಾಡಿದವರು ಒಂದು ಮಾತು ಹೇಳುತ್ತಾರೆ: ಹೊಸ ತಿಂಡಿಯನ್ನು ಎಂಟು-ಹತ್ತು ಸಲವಾದರೂ ಬಾಯಿಗಿಟ್ಟು ನೋಡದೆ ತೀರ್ಪು ಕೊಡಬೇಡಿ. ಎರಡನೆಯ ಮಳೆಗಾಲ ನಾನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೆರೆ ಎಳೆಯಲು ಶುರು ಮಾಡಿದೆ. ಅಳತೆ: ಒಂದು ಅಡಕೆಯಷ್ಟು. ಹೆಚ್ಚಿಲ್ಲ, ಒತ್ತಾಯವಿಲ್ಲ. ಒಂದನೆಯ ಗೆರೆ, ನೀರು ಕುಡಿದು ನುಂಗಿದ್ದು. ಎರಡನೆಯದು, ಮೂಗು ಹಿಡಿದು: ಹುಳಿ, ಉಪ್ಪು, ಹಲ್ಲಿಗೆ ನಾರು, ಅಷ್ಟೇನೂ ಕೆಟ್ಟದ್ದಲ್ಲ. ಮೂರು, ನಾಲ್ಕು ನೆನಪಿಲ್ಲ. ಐದನೆಯದು ನೆನಪಿದೆ. ಕರೆಂಟ್ ಹೋಗಿತ್ತು, ಹೊರಗೆ ಮಳೆ, ತೋಟದಿಂದ ನೆನೆದು ಬಂದು ಹಸಿದಿದ್ದೆ. ಹಂಚಿನಿಂದ ಆಗ ತಾನೆ ಇಳಿಸಿದ ಸೊಳೆ ರೊಟ್ಟಿ, ಬಾಳೆಲೆ ಸುಟ್ಟ ಕಂಪು, ಮೇಲೆ ಬೆಣ್ಣೆ ಕರಗುತ್ತಿತ್ತು. ಮಾವ ಎದುರು ಕೂತು ಮಾತಿಲ್ಲದೆ ನಾಲ್ಕನೆಯ ರೊಟ್ಟಿ ತಿನ್ನುತ್ತಿದ್ದರು. ಅವರು ತಿನ್ನುವುದನ್ನು ನೋಡುತ್ತ ನಾನೂ ಒಂದು ಪೂರ್ತಿ ತಿಂದೆ. ಎಂಟನೆಯ ಸಲ ನಾನೇ ಕೇಳಿ ಹಾಕಿಸಿಕೊಂಡೆ. ಗೆರೆ ಎಳೆಯಲು ಮರೆತೆ.

ಆ ಐದನೆಯ ಸಲದಲ್ಲಿ ಮೂರು ಸಂಗತಿ ಇದ್ದವು, ಅವನ್ನು ಬೇಕೆಂದೇ ಜೋಡಿಸಿಕೊಳ್ಳಬಹುದು. ಹಸಿವು. ಅದರದೇ ಹವೆ, ಅಂದರೆ ಯಾವ ಕಾಲಕ್ಕೆ ಹುಟ್ಟಿದ ತಿಂಡಿಯೋ ಆ ಕಾಲ. ಮಾರ್ಚ್ ಬಿಸಿಲಲ್ಲಿ ಉಪ್ಪು ಸೊಳೆ ನನಗೆ ಈಗಲೂ ಬೇಡ. ಮತ್ತೆ, ಎದುರಿಗೆ ಅದನ್ನು ಮನಸಾರೆ ತಿನ್ನುವ ಒಬ್ಬರು. "ತಿನ್ನು, ತಿನ್ನು, ಆರೋಗ್ಯಕ್ಕೆ ಒಳ್ಳೇದು" ಅನ್ನುವವರ ಪಕ್ಕ ಕೂರಬೇಡಿ, ಅವರಿಂದ ಇದ್ದ ಹಸಿವೂ ಹೋಗುತ್ತದೆ.

ಮೈ ಸರಿ ಇಲ್ಲದಾಗ ಮಾತ್ರ ಹೊಸದನ್ನು ಮುಟ್ಟಲೇಬೇಡಿ. ಬಸುರಿಯಾಗಿದ್ದಾಗ ಓಕರಿಕೆಯ ದಿನಗಳಲ್ಲಿ ಹಲಸಿನ ಹಣ್ಣಿನ ಗಟ್ಟಿ (ಇಲ್ಲಿಯ ಕಡುಬು) ತಿಂದು ವಾಂತಿಯಾಯಿತು. ತಪ್ಪು ಗಟ್ಟಿಯದಲ್ಲ ಎಂದು ಬುದ್ಧಿಗೆ ಗೊತ್ತು. ಹೊಟ್ಟೆ ಆರು ವರ್ಷ ಕ್ಷಮಿಸಲಿಲ್ಲ. ಹತ್ತು ಸಲ ತಿಂದು ಕಟ್ಟಿದ್ದನ್ನು ಒಂದು ವಾಂತಿ ಕೆಡವುತ್ತದೆ.

ಜೋಡಿ ಒಡೆಯಬೇಡಿ

ಮೊದಮೊದಲು ಕುಚ್ಚಲಕ್ಕಿ ಗಂಜಿಗೆ ತವರಿನ ಶೇಂಗಾ ಹಿಂಡಿ ಉದುರಿಸಿಕೊಂಡು ತಿನ್ನುತ್ತಿದ್ದೆ. ಹಿಂಡಿ ನೀರಲ್ಲಿ ತೇಲಿ ಮೆತ್ತಗಾಗಿ ಎರಡೂ ಸತ್ತವು. ಗಂಜಿಗೆ ಬೇಕಾದದ್ದು ಮಾವಿನ ಮಿಡಿ, ಇಲ್ಲವೇ ಸುಟ್ಟ ಮೆಣಸು ಹಾಕಿ ಗಟ್ಟಿಯಾಗಿ ಅರೆದ ಕಾಯಿ ಚಟ್ನಿ. ನನ್ನ ಯಜಮಾನರು ಬಾದಾಮಿಯಲ್ಲಿ ಕಟಕ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ "ರಟ್ಟು" ಅಂದರು. ರೊಟ್ಟಿಗೆ ಎಣ್ಣೆಗಾಯಿ, ಕೆನೆಮೊಸರು, ಗುದ್ದಿದ ಹಸಿ ಉಳ್ಳಾಗಡ್ಡಿ, ಹಸಿ ಮೆಂತ್ಯದ ಸೊಪ್ಪು ಬೇಕು. ಒಂದು ಊರಿನ ಪದಾರ್ಥ ಇಳಿಯಲಿಲ್ಲ ಎಂದರೆ, ಅದರ ಜೊತೆಗಾರ ತಟ್ಟೆಯಲ್ಲಿದ್ದನೇ ಎಂದು ಮೊದಲು ನೋಡಿ.

ಎಲ್ಲವೂ ಅಭ್ಯಾಸದ ಮಾತಲ್ಲ

ಕೆಲವು ಹುಟ್ಟಿನಿಂದ ಬರುತ್ತವೆ. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಕೈಯಿಂದ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿತು. ಜೊತೆಗಿದ್ದವರು ಕಹಿ ಕಹಿ ಎಂದು ಗೊಣಗಿದರು, ಫಾಕ್ಸ್‌ಗೆ ಏನೂ ತಿಳಿಯಲಿಲ್ಲ. ಆ ವ್ಯತ್ಯಾಸ ವಂಶವಾಹಿಯದು. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನ ಹಾಗೆ ಅನ್ನಿಸುವುದರಲ್ಲೂ ಅದರ ಪಾಲಿದೆ. ಅಂಥವರನ್ನು "ನಾಟಕ" ಅನ್ನಬೇಡಿ.

ಪತ್ರೊಡೆ ತಿಂದು ಗಂಟಲು ತುರಿಸಿದರೆ "ಅಭ್ಯಾಸವಾಗುತ್ತದೆ" ಅನ್ನುವವರ ಮಾತನ್ನೂ ಕೇಳಬೇಡಿ. ಅದು ಕೆಸುವಿನೆಲೆಯ ಸೂಜಿಯಂಥ ಆಕ್ಸಲೇಟ್ ಹರಳು. ಹುಣಸೆಹುಳಿ ಸಾಲಲಿಲ್ಲ, ಬೇಯಲಿಲ್ಲ, ಅಷ್ಟೇ. ಅಡುಗೆಯ ತಪ್ಪನ್ನು ಸಂಸ್ಕೃತಿಯ ತಲೆಗೆ ಕಟ್ಟುವುದು ಎಲ್ಲ ಊರಲ್ಲೂ ಇದೆ.

ನಿಮ್ಮ ರುಚಿಯನ್ನು ಅವರಿಗೆ ದಾಟಿಸುವಾಗ

ಮೊದಲ ದಿನವೇ ಯಜಮಾನರಿಗೆ ರಂಜಕ ಬಡಿಸಿದೆ. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆ. ಅವರು ಬಿಕ್ಕಳಿಸಿ ಎರಡು ಚೊಂಬು ನೀರು ಕುಡಿದರು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ. ಹಿಂಡಿಗೆ ಎಣ್ಣೆ ಅಥವಾ ಮೊಸರು ಕಲಸುವುದು ಅದಕ್ಕೇ. ಹಾಗಾಗಿ ಮೊಸರಿನ ಬಟ್ಟಲು ಮೊದಲು, ಹಿಂಡಿ ಆಮೇಲೆ. ಬ್ಯಾಡಗಿ ಮೆಣಸಿನಕಾಯಿಯಿಂದ ಶುರು ಮಾಡಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಗೆ ಬಣ್ಣ ಜಾಸ್ತಿ, ಉರಿ ಕಮ್ಮಿ. ಕಣ್ಣಿಗೆ ಧೈರ್ಯ ಬರುವವರೆಗೆ ಬಾಯಿಗೆ ಅಷ್ಟು ಸಾಕು.

ಖಾರದ ಬಗ್ಗೆ ನಮಗೆ ದೊಡ್ಡ ಹೆಮ್ಮೆ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದಿಂದ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮುಂಚೆ ಕಾಳುಮೆಣಸೇ ಮೆಣಸು. ಇಲ್ಲಿ ಈಗಲೂ ಅದಕ್ಕೆ ಒಳ್ಳೆಮೆಣಸು ಅನ್ನುತ್ತಾರೆ, ತುಳುವಿನಲ್ಲಿ ಎಡ್ಡೆ ಮುಂಚಿ. ಬಂದವಳು ಮನೆ ತುಂಬಿಕೊಂಡಳು, ಹಳಬಳಿಗೆ "ಒಳ್ಳೆಯವಳು" ಎಂಬ ಬಿರುದು ಉಳಿಯಿತು. ಮೆಣಸಿನಕಾಯಿಯ ತವರಿನಲ್ಲೂ ಯಾರೂ ಅದನ್ನು ಹುಟ್ಟುತ್ತಲೇ ಮೆಚ್ಚುವುದಿಲ್ಲ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮೆಕ್ಸಿಕೋದ ಓಹಾಕಾ ಬೆಟ್ಟದ ಹಳ್ಳಿಯೊಂದರಲ್ಲಿ ನೋಡಿದ್ದು: ಮಕ್ಕಳು ದೊಡ್ಡವರನ್ನು ನೋಡಿ ನೋಡಿ, ಚೂರು ಚೂರೇ ಮುಟ್ಟಿ, ತಾವಾಗಿ ಖಾರಕ್ಕೆ ಬರುತ್ತಾರೆ. ಅದೇ ಎಂಜಲು ತಿನ್ನುವ ಹಂದಿ, ನಾಯಿಗಳು ಬರುವುದಿಲ್ಲ.

ನನ್ನ ಮಗಳು ಅದಕ್ಕೂ ಮುಂಚೆಯೇ ಶುರು ಮಾಡಿದ್ದಳೋ ಏನೋ. ಬಸುರಿಯರು ಕ್ಯಾರೆಟ್ ರಸ ಕುಡಿದರೆ ಅವರ ಕೂಸುಗಳು ಆಮೇಲೆ ಕ್ಯಾರೆಟ್ ಬೆರೆಸಿದ ಅಂಬಲಿಯನ್ನು ಸುಲಭವಾಗಿ ಒಪ್ಪುತ್ತವೆ ಎಂದು ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ನಾನು ಏಳನೆಯ ತಿಂಗಳಿಂದ ಬಾಣಂತನ ಮುಗಿಯುವವರೆಗೆ ಬಾದಾಮಿಯಲ್ಲಿದ್ದೆ. ತಿಂದದ್ದು ಬೆಳ್ಳುಳ್ಳಿ, ಹಿಂಡಿ. ಆಮೇಲೆ ಅವಳು ಬೆಳೆದದ್ದು ಪುತ್ತೂರಿನ ಗಂಜಿಯ ಮೇಲೆ. ಈಗ ಅವಳು ಕುಚ್ಚಲಕ್ಕಿ ಗಂಜಿಯ ನೀರು ಬಸಿದು, ಅನ್ನದ ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಹಸಿ ತೆಂಗಿನೆಣ್ಣೆ ಸುರಿದು ಕಲಸುತ್ತಾಳೆ. ಮೇಲೆ ಬರೆದ ಜೋಡಿಯ ನಿಯಮಕ್ಕೆ ಅಡ್ಡ ನಿಂತದ್ದು. ತಿಂದು ನೋಡಿದೆ, ಚೆನ್ನಾಗಿತ್ತು. ನೀರು ಬಸಿಯಬೇಕು ಅಂತ ನನಗೆ ಹೊಳೆದಿರಲಿಲ್ಲ.

ಅತ್ತೆಗೆ ಈಗ ಎಪ್ಪತ್ತೇಳು. ಇಷ್ಟು ವರ್ಷ ಹಿಂಡಿ ಡಬ್ಬಿಯ ಹತ್ತಿರವೂ ಸುಳಿಯದವರು ಕಳೆದ ತಿಂಗಳು ಮೊಮ್ಮಗಳ ತಟ್ಟೆಗೆ ಕೈ ಚಾಚಿ "ಕೊಡು ನೋಡುವ" ಅಂದರು. ಅಡಕೆಯಷ್ಟು ತಿಂದು, ಮುಖ ಹಿಂಡಿ, ಮಜ್ಜಿಗೆ ಕೇಳಿದರು. ಮೊನ್ನೆ ಮತ್ತೆ ಕೇಳಿದರು, ಮತ್ತೆ ಮಜ್ಜಿಗೆ. ಕ್ಯಾಲೆಂಡರಿನಲ್ಲಿ ಅವರ ಹೆಸರಿನಲ್ಲಿ ಎರಡು ಪೆನ್ಸಿಲ್ ಗೆರೆ ಎಳೆದಿದ್ದೇನೆ, ಅವರಿಗೆ ಹೇಳಿಲ್ಲ.